ಮಣ್ಣಿಗಿಟ್ಟ ಮೈ

ನಿತ್ಯಜೀವ ಎಂದರೆ ಏನೆಂದು ಕ್ರೈಸ್ತರನ್ನು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಇದು: ಸತ್ತಾಗ ಆತ್ಮ ಮೈ ಬಿಟ್ಟು ಹೊರಡುತ್ತದೆ, ಸ್ವರ್ಗ ಸೇರುತ್ತದೆ, ಅಲ್ಲಿ ದೇವರ ಸನ್ನಿಧಿಯಲ್ಲಿ ಕೊನೆಯಿಲ್ಲದೆ ಇರುತ್ತದೆ. ಕ್ರೈಸ್ತರಲ್ಲದ ಕನ್ನಡಿಗರೂ ಇದನ್ನೇ ಕ್ರೈಸ್ತ ನಂಬಿಕೆಯೆಂದು ತಿಳಿದಿದ್ದಾರೆ. ನಮ್ಮ ಸುತ್ತಲಿನ ಬೇರೆ ಮತಗಳ ಮಾತಿಗೂ ಅದು ಹತ್ತಿರವಾಗಿ ಕೇಳಿಸುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಕ್ರೈಸ್ತ ಧರ್ಮದ ಮೊದಲ ನಾಲ್ಕು ಶತಮಾನಗಳಲ್ಲಿ ಆ ಜನ ತಮ್ಮ ಸತ್ತವರನ್ನು ನಡೆಸಿಕೊಂಡ ರೀತಿಯನ್ನು ನೋಡಿದರೆ ಈ ಉತ್ತರದಲ್ಲಿ ಅರ್ಧ ಮಾತು ಬಿಟ್ಟುಹೋಗಿದೆ ಎಂದು ಗೊತ್ತಾಗುತ್ತದೆ. ಬಿಟ್ಟುಹೋದ ಅರ್ಧವೇ ಅವರಿಗೆ ಮುಖ್ಯವಾಗಿತ್ತು. ಲೋಕದ ಕೊನೆಯಲ್ಲಿ ದೇವರು ಸತ್ತವರನ್ನು ಮೈಸಹಿತ ಎಬ್ಬಿಸುವನು, ಹಾಗೆ ಎದ್ದವರು ದೇವರೊಡನೆ ಬಾಳುವ ಬಾಳೇ ನಿತ್ಯಜೀವದ ತುಂಬು ರೂಪ ಎಂದು ಅವರು ನಂಬಿದ್ದರು. ಈ ನಂಬಿಕೆಗೆ ದೈವಶಾಸ್ತ್ರದ ಗ್ರಂಥಗಳು ಸಾಕ್ಷಿಯಾಗಿವೆ. ಆದರೆ ಓದುಬರಹ ಬಾರದ ಗುಲಾಮರು, ಕೂಲಿಗಳು, ವಿಧವೆಯರು ಏನು ನಂಬಿದ್ದರು ಎಂಬುದನ್ನು ಗ್ರಂಥಗಳು ಪೂರ್ತಿಯಾಗಿ ಹೇಳಲಾರವು. ಅದನ್ನು ಅವರ ಗೋರಿಗಳಲ್ಲಿ, ಹೂಳುವ ಪದ್ಧತಿಯ ಚರಿತ್ರೆಯಲ್ಲಿ ಹುಡುಕಬೇಕು.

ಆ ಕಾಲದ ಮೆಡಿಟರೇನಿಯನ್ ಲೋಕದಲ್ಲಿ ಆತ್ಮ ಅಮರ ಎಂಬ ಮಾತು ಹೊಸದೇನೂ ಆಗಿರಲಿಲ್ಲ. ಪ್ಲೇಟೊ ತನ್ನ ‘ಫೀಡೊ’ ಸಂವಾದದಲ್ಲಿ ಅದನ್ನು ಬಹಳ ಹಿಂದೆಯೇ ವಾದಿಸಿದ್ದ. ಅದರಲ್ಲಿ ವಿಷ ಕುಡಿಯುವ ಮುನ್ನ ಸಾಕ್ರಟೀಸನನ್ನು ಗೆಳೆಯ ಕ್ರೀಟೊ ಕೇಳುತ್ತಾನೆ: ನಿನ್ನನ್ನು ಹೇಗೆ ಹೂಳೋಣ? ನಿಮಗೆ ತೋಚಿದಂತೆ ಮಾಡಿ, ಆಗ ನಿಮ್ಮ ಕೈಯಲ್ಲಿರುವ ಹೆಣ ನಾನಲ್ಲ, ನಾನು ಹೊರಟುಹೋಗಿರುತ್ತೇನೆ ಎಂಬುದು ಸಾಕ್ರಟೀಸನ ಉತ್ತರದ ಸಾರ. ಇಂಥ ಲೋಕದ ನಡುವೆ ಯೆಹೂದ್ಯರ ಒಂದು ಪಂಗಡ ಬೇರೆಯೇ ಮಾತು ಆಡುತ್ತಿತ್ತು. ದಾನಿಯೇಲನ ಗ್ರಂಥದ 12ನೆಯ ಅಧ್ಯಾಯ ಮಣ್ಣಿನಲ್ಲಿ ಮಲಗಿದವರು ಎಚ್ಚರಗೊಳ್ಳುವುದನ್ನು ಹೇಳುತ್ತದೆ. ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಚಿತ್ರಹಿಂಸೆಗೆ ಸಿಕ್ಕ ಅಣ್ಣತಮ್ಮಂದಿರಲ್ಲಿ ಒಬ್ಬ ತನ್ನ ಕೈಗಳನ್ನು ಮುಂದೆ ಚಾಚಿ, ಇವನ್ನು ದೇವರಿಂದ ಮತ್ತೆ ಪಡೆಯುವೆನೆಂದು ನಂಬಿ ಸಾಯುತ್ತಾನೆ. ಫರಿಸಾಯರು ಈ ಪುನರುತ್ಥಾನವನ್ನು ಒಪ್ಪಿದರು, ದೇವಾಲಯದ ಅಧಿಕಾರ ಹಿಡಿದಿದ್ದ ಸದ್ದುಕಾಯರು ಒಪ್ಪಲಿಲ್ಲ. ಯೇಸುವಿನ ಶಿಷ್ಯರು ಫರಿಸಾಯರ ಈ ನಿರೀಕ್ಷೆಯನ್ನು ಹಿಡಿದು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಕೊನೆಯ ದಿನ ಎಲ್ಲರಿಗೂ ಆಗಬೇಕಾದದ್ದು ಒಬ್ಬನಿಗೆ ಈಗಾಗಲೇ ಆಗಿದೆ, ಆತನ ಸಮಾಧಿ ಬರಿದಾಗಿದೆ ಎಂದರು. ಪೌಲ ಅಥೇನಿನಲ್ಲಿ ಸತ್ತವರ ಪುನರುತ್ಥಾನದ ಮಾತೆತ್ತಿದಾಗ ಕೆಲವರು ನಕ್ಕರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಅವನು ಆತ್ಮದ ಅಮರತ್ವವನ್ನಷ್ಟೇ ಹೇಳಿದ್ದರೆ ಪ್ಲೇಟೊವಿನ ಊರಿನಲ್ಲಿ ಯಾರೂ ನಗುತ್ತಿರಲಿಲ್ಲ. ಸುಮಾರು ಕ್ರಿ.ಶ. 55ರ ಹೊತ್ತಿಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯವಿಡೀ ಇದೇ ನಗುವಿಗೆ ಕೊಟ್ಟ ಉತ್ತರ. ಬಿತ್ತಿದ ಕಾಳಿಗೂ ಎದ್ದ ಪೈರಿಗೂ ಇರುವ ನಂಟನ್ನು ಪೌಲ ಅಲ್ಲಿ ತೋರಿಸಿದ್ದಾನೆ. ಪೈರು ಕಾಳಿನಂತೆ ಕಾಣುವುದಿಲ್ಲ, ಆದರೂ ಆ ಕಾಳಿಲ್ಲದೆ ಆ ಪೈರಿಲ್ಲ.

ಈ ನಂಬಿಕೆ ನೆಲದೊಳಗೆ ಇಳಿದದ್ದನ್ನು ರೋಮ್ ನಗರದ ಹೊರವಲಯದಲ್ಲಿ ಇವತ್ತಿಗೂ ನೋಡಬಹುದು. ಊರೊಳಗೆ ಹೆಣ ಹೂಳಬಾರದು, ಸುಡಬಾರದು ಎಂದು ರೋಮನರ ಹನ್ನೆರಡು ಫಲಕಗಳ ಪುರಾತನ ಶಾಸನ ವಿಧಿಸಿತ್ತು. ಹಾಗಾಗಿ ಗೋರಿಗಳೆಲ್ಲ ಆಪಿಯನ್ ಹೆದ್ದಾರಿಯಂಥ ಊರಾಚೆಯ ದಾರಿಗಳ ಇಕ್ಕೆಲದಲ್ಲಿ ಎದ್ದವು. ಅಲ್ಲಿನ ನೆಲದಡಿ ಇರುವುದು ತೂಫಾ ಎಂಬ ಮೆದು ಕಲ್ಲು. ಅಗೆಯುವಾಗ ಮಿದುವಾಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಎರಡನೆಯ ಶತಮಾನದ ಕೊನೆ, ಮೂರನೆಯದರ ಆರಂಭದಿಂದ ಕ್ರೈಸ್ತರು ಈ ಕಲ್ಲಿನೊಳಗೆ ಓಣಿಗಳನ್ನು ಕೊರೆಯತೊಡಗಿದರು. ಓಣಿಯ ಎರಡೂ ಗೋಡೆಗಳಲ್ಲಿ ಒಂದರ ಮೇಲೊಂದು ಗೂಡು ಕಡೆದು, ಬಟ್ಟೆ ಸುತ್ತಿದ ದೇಹವನ್ನು ಅದರೊಳಗೆ ಮಲಗಿಸಿ, ಬಾಯಿಗೆ ಹೆಂಚನ್ನೋ ಅಮೃತಶಿಲೆಯ ಚಪ್ಪಡಿಯನ್ನೋ ಇಟ್ಟು ಗಾರೆ ಮೆತ್ತುತ್ತಿದ್ದರು. ಈ ಕೆಲಸಕ್ಕೆಂದೇ ಅಗೆಯುವವರ ಒಂದು ವೃತ್ತಿ ಬೆಳೆಯಿತು. ಹಾರೆ ದೀಪಗಳೊಂದಿಗೆ ಅವರ ಚಿತ್ರಗಳೂ ಗೋಡೆಗಳಲ್ಲಿ ಉಳಿದಿವೆ. 199ರ ಹೊತ್ತಿಗೆ ಪೋಪ್ ಝೆಫಿರಿನಸ್ ಕಲಿಸ್ಟಸ್ ಎಂಬ ಸೇವಕ ಪಾದ್ರಿಗೆ ಆಪಿಯನ್ ದಾರಿಯ ಸ್ಮಶಾನವೊಂದರ ಉಸ್ತುವಾರಿ ವಹಿಸಿದ. ಗುಲಾಮನಾಗಿದ್ದ ಈ ಕಲಿಸ್ಟಸನೇ ಮುಂದೆ 217ರಲ್ಲಿ ಪೋಪ್ ಆದ, ಆ ಸ್ಮಶಾನಕ್ಕೆ ಇವತ್ತಿಗೂ ಅವನ ಹೆಸರೇ ಇದೆ. ಅಲ್ಲಿ ಅಂತಸ್ತಿನ ಕೆಳಗೆ ಅಂತಸ್ತು, ಕೆಲವೆಡೆ 20 ಮೀಟರಿಗೂ ಮಿಕ್ಕಿದ ಆಳ. ಜೊವಾನ್ನಿ ಬತ್ತಿಸ್ತಾ ದೆ ರೊಸ್ಸಿ 1854ರಲ್ಲಿ ಅಲ್ಲಿ ಮೂರನೆಯ ಶತಮಾನದ ಪೋಪರ ಸಮಾಧಿಕೋಣೆಯನ್ನು ಕಂಡುಹಿಡಿದ. ಹಿಂಸೆಯ ದಿನಗಳಲ್ಲಿ ಕ್ರೈಸ್ತರು ಇಲ್ಲಿ ಬಚ್ಚಿಟ್ಟುಕೊಂಡು ವಾಸವಿದ್ದರೆಂಬ ಕಥೆಯನ್ನು ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳು ಹಬ್ಬಿಸಿದವು. ಅದು ನಿಜವಲ್ಲ. ಈ ಜಾಗ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು. 257ರಲ್ಲಿ ವಲೇರಿಯನ್ ಚಕ್ರವರ್ತಿ ಕ್ರೈಸ್ತರು ಸ್ಮಶಾನಗಳಿಗೆ ಹೋಗಕೂಡದೆಂದು ಆಜ್ಞೆ ಹೊರಡಿಸಿದ್ದೇ ಅದಕ್ಕೆ ಸಾಕ್ಷಿ. ಮರುವರ್ಷ ಪೋಪ್ ಎರಡನೆಯ ಸಿಕ್ಸ್ಟಸ್ ಸ್ಮಶಾನದಲ್ಲೇ ಕೊಲೆಯಾದ. ಕ್ರೈಸ್ತರನ್ನು ಹಿಡಿಯಬೇಕಾದರೆ ಎಲ್ಲಿಗೆ ಹೋಗಬೇಕೆಂಬುದು ಅಧಿಕಾರಿಗಳಿಗೆ ತಿಳಿದಿತ್ತು: ಅವರ ಸತ್ತವರು ಇರುವಲ್ಲಿಗೆ.

ಆ ಗೋಡೆಗಳ ಮೇಲೆ ಏನನ್ನು ಬರೆದಿದ್ದಾರೆ ಎಂಬುದೂ ಗಮನಿಸತಕ್ಕದ್ದು. ಈ ಆರಂಭದ ಚಿತ್ರಗಳಲ್ಲಿ ಶಿಲುಬೆಗೇರಿದ ಕ್ರಿಸ್ತ ಇಲ್ಲ. ದೇಹವನ್ನು ಕಳಚಿ ಮೇಲೇರುವ ಆತ್ಮ ಅವುಗಳ ಮುಖ್ಯ ವಸ್ತುವೂ ಅಲ್ಲ. ಮತ್ತೆ ಮತ್ತೆ ಬರುವುದು ಯೋನ: ದೊಡ್ಡ ಮೀನು ಅವನನ್ನು ನುಂಗುವುದು, ಉಗುಳುವುದು, ಅವನು ಬಳ್ಳಿಯ ನೆರಳಲ್ಲಿ ಒರಗಿರುವುದು. ಬಟ್ಟೆ ಸುತ್ತಿಸಿಕೊಂಡು ಗೋರಿಯ ಬಾಗಿಲಲ್ಲಿ ನಿಂತ ಲಾಜರ, ಸಿಂಹಗಳ ನಡುವೆ ಕೈ ಚಾಚಿ ಪ್ರಾರ್ಥಿಸುವ ದಾನಿಯೇಲ, ಉರಿಯುವ ಕುಲುಮೆಯೊಳಗೂ ಸುಡದೆ ನಿಂತ ಮೂವರು ಯುವಕರು ಇದ್ದಾರೆ. ಈ ಎಲ್ಲ ಕಥೆಗಳಲ್ಲಿ ಉಳಿಯುವುದು ಮೈ. ಮೀನಿನ ಹೊಟ್ಟೆಯಿಂದ ಯೋನನ ಆತ್ಮ ಹೊರಬಂದದ್ದಲ್ಲ, ಯೋನನೇ ಬಂದ. ಗೂಡುಗಳ ಗಾರೆಯಲ್ಲಿ ದೀಪ, ನಾಣ್ಯ, ಗಾಜಿನ ಬಟ್ಟಲ ತಳ, ಕೆಲವೆಡೆ ಮಕ್ಕಳ ಗೊಂಬೆಯನ್ನೂ ಒತ್ತಿಟ್ಟಿದ್ದಾರೆ. ಒಂದರಂತೆಯೇ ಕಾಣುವ ನೂರಾರು ಗೂಡುಗಳಲ್ಲಿ ತಮ್ಮವರದ್ದನ್ನು ಗುರುತಿಸಲು ಅದು ನೆರವಾಗಿರಬೇಕು. ಅತಿ ಸಣ್ಣ ಗೂಡುಗಳು ಬಹಳ ಇವೆ, ಕೂಸುಗಳವು. ಎಲ್ಲರೂ ಅಲ್ಲಿ ಸಮಾನರಾಗಿದ್ದರೆಂದು ಹೇಳಿದರೆ ತಪ್ಪಾಗುತ್ತದೆ. ಹಣವಿದ್ದ ಮನೆತನಗಳು ಕಮಾನು ಕೋಣೆಗಳನ್ನು ಮಾಡಿಸಿಕೊಂಡವು, ನಾಲ್ಕನೆಯ ಶತಮಾನದ ಕೊನೆಗೆ ಅಗೆಯುವವರು ಜಾಗ ಮಾರಿದ್ದನ್ನು ಶಾಸನಗಳೇ ಹೇಳುತ್ತವೆ. ಆದರೂ ಹೆಸರು ಬರೆಸಲೂ ಗತಿಯಿಲ್ಲದವನಿಗೆ ಒಂದಾಳುದ್ದದ ಪ್ರತ್ಯೇಕ ಗೂಡು ಸಿಕ್ಕಿದ್ದು ರೋಮಿನಲ್ಲಿ ಸಣ್ಣ ಸಂಗತಿಯಲ್ಲ. ಬಡವರ ಹೆಣಗಳನ್ನು ಸಾಮೂಹಿಕ ಗುಂಡಿಗಳಿಗೆ ಹಾಕುತ್ತಿದ್ದ ಊರು ಅದು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ, ಅದನ್ನು ತೇಲಿಸಿಬಿಡುವಂತಿಲ್ಲ. ಎರಡನೆಯ ಶತಮಾನದಲ್ಲಿ ರೋಮನರು ತಾವಾಗಿಯೇ ಸುಡುವುದನ್ನು ಬಿಟ್ಟು ಹೂಳುವ ಕಡೆಗೆ ತಿರುಗುತ್ತಿದ್ದರು. ಕೆತ್ತನೆಯ ಶಿಲಾಪೆಟ್ಟಿಗೆಗಳು ಆಗಿನ ಶ್ರೀಮಂತರ ಅಭಿರುಚಿಯಾಗಿದ್ದವು, ಅದಕ್ಕೆ ಕ್ರೈಸ್ತರು ಕಾರಣರಲ್ಲ. ರೋಮಿನ ಯೆಹೂದ್ಯರಿಗೂ ಇಂಥದೇ ನೆಲಮಾಳಿಗೆಯ ಸ್ಮಶಾನಗಳಿದ್ದವು. ಹಾಗಿದ್ದರೆ ಹೂಳಿದ್ದನ್ನೇ ನಂಬಿಕೆಯ ಸಾಕ್ಷಿ ಎನ್ನುವುದು ಹೇಗೆ? ಈ ಆಕ್ಷೇಪವನ್ನು ಕನ್ನಡ ಓದುಗರು ಇನ್ನೂ ಚೆನ್ನಾಗಿ ಬಲಪಡಿಸಬಲ್ಲರು. ಕರ್ನಾಟಕದ ಲಿಂಗಾಯತರು ಶತಮಾನಗಳಿಂದ ತಮ್ಮವರನ್ನು ಸುಡದೆ, ಕುಳಿತ ಭಂಗಿಯಲ್ಲಿ, ಇಷ್ಟಲಿಂಗದೊಂದಿಗೆ ಮಣ್ಣಿಗಿಡುತ್ತ ಬಂದಿದ್ದಾರೆ. ಅಲ್ಲಿರುವುದು ಲಿಂಗೈಕ್ಯದ ಭಾವ. ಆ ಮೈ ಒಂದು ದಿನ ಮತ್ತೆ ಏಳಬೇಕೆಂಬ ನಿರೀಕ್ಷೆ ಅಲ್ಲಿಲ್ಲ. ಒಂದೇ ಮಣ್ಣು, ಒಂದೇ ಕುಣಿ, ಅರ್ಥ ಮಾತ್ರ ಬೇರೆ. ಆದ್ದರಿಂದ ಪದ್ಧತಿಯ ಹೊರರೂಪ ತಾನೇ ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಹೂಳಿದವರು ಏಕೆ ಹೂಳಿದೆವೆಂದು ಹೇಳಿಕೊಂಡರು, ಹೂಳಲು ಬಿಡದಿದ್ದಾಗ ಏನಾಯಿತು, ಅವರ ವೈರಿಗಳು ಅದನ್ನು ಹೇಗೆ ಅರ್ಥಮಾಡಿಕೊಂಡರು ಎಂಬುದನ್ನು ಕೇಳಿದಾಗಲೇ ಪದ್ಧತಿ ಬಾಯಿಬಿಡುವುದು. ಅದೃಷ್ಟಕ್ಕೆ ಈ ಮೂರಕ್ಕೂ ಒಂದೇ ಊರಿನಿಂದ ಉತ್ತರ ಬಂದಿದೆ.

ಆ ಊರು ಗಾಲ್ ಪ್ರಾಂತದ ಲಿಯೋನ್, ವರ್ಷ 177. ಅಲ್ಲಿನ ಮತ್ತು ಪಕ್ಕದ ವಿಯೆನ್ನಿನ ಕ್ರೈಸ್ತರ ಮೇಲೆ ನಡೆದ ಹಿಂಸೆಯನ್ನು ಬದುಕುಳಿದವರು ಏಷ್ಯಾ ಮತ್ತು ಫ್ರುಗ್ಯದ ಸಭೆಗಳಿಗೆ ಪತ್ರ ಬರೆದು ತಿಳಿಸಿದರು. ಯೂಸೆಬಿಯಸ್ ತನ್ನ ಚರ್ಚಿನ ಇತಿಹಾಸದಲ್ಲಿ ಆ ಪತ್ರವನ್ನು ಉಳಿಸಿಕೊಟ್ಟಿದ್ದಾನೆ. ತೊಂಬತ್ತು ದಾಟಿದ ಬಿಷಪ್ ಪೊಥಿನಸ್ ಸೆರೆಮನೆಯಲ್ಲಿ ಸತ್ತ. ಬ್ಲಾಂದಿನಾ ಎಂಬ ಗುಲಾಮ ಹೆಣ್ಣು ಅಖಾಡದಲ್ಲಿ ಸತ್ತಳು. ಕೊಂದ ಮೇಲೂ ಅಧಿಕಾರಿಗಳು ಸುಮ್ಮನಾಗಲಿಲ್ಲ. ಹೆಣಗಳಿಗೆ ಕಾವಲು ಹಾಕಿದರು. ರಾತ್ರಿಯ ಕತ್ತಲಾಗಲಿ, ಲಂಚದ ಹಣವಾಗಲಿ, ಅಂಗಲಾಚಿಕೆಯಾಗಲಿ ಪ್ರಯೋಜನಕ್ಕೆ ಬರಲಿಲ್ಲ. ಆರು ದಿನ ಬಯಲಲ್ಲಿ ಬಿಟ್ಟು, ಕೊನೆಗೆ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿದರು. ಏಕೆ? ಇವರು ಪುನರುತ್ಥಾನವನ್ನು ನೆಚ್ಚಿಕೊಂಡೇ ಸಾವಿಗೆ ಹೆದರುವುದಿಲ್ಲ, ಈಗ ಹೇಗೆ ಏಳುತ್ತಾರೋ ನೋಡೋಣ ಎಂದು ಅವರು ಹೇಳಿದರಂತೆ. ಹೇಳಿದ್ದನ್ನು ದಾಖಲಿಸಿದವರು ಕ್ರೈಸ್ತರೇ, ಆದ್ದರಿಂದ ಮಾತಿನ ಅಕ್ಷರಕ್ಷರ ನಂಬಬೇಕಿಲ್ಲ. ಆದರೆ ಸತ್ತ ಮೇಲೆ ಆರು ದಿನ ಕಾವಲು ಕಾದು ಬೂದಿಯನ್ನೂ ಬಿಡದ ಶ್ರಮಕ್ಕೆ ಬೇರೆ ವಿವರಣೆ ಹುಡುಕುವುದು ಕಷ್ಟ. ಆತ್ಮ ಮಾತ್ರ ಅಮರ ಎಂದು ನಂಬಿದ ಪಂಥವೊಂದರ ಸತ್ತವರ ಮೇಲೆ ಇಷ್ಟು ಕೈಮಾಡಿ ಯಾರಿಗೂ ಏನೂ ಸಿಗುತ್ತಿರಲಿಲ್ಲ. ಪೊಥಿನಸನ ನಂತರ ಅದೇ ಊರಿನ ಬಿಷಪ್ ಆದವನು ಐರೀನಿಯಸ್. ಕೆಲವೇ ವರ್ಷಗಳಲ್ಲಿ ಅವನು ಬರೆದ ‘ಪಾಷಂಡವಾದಗಳ ವಿರುದ್ಧ’ ಎಂಬ ಗ್ರಂಥದ ಐದನೆಯ ಭಾಗದಲ್ಲಿ, ಮೈ ಕೀಳೆಂದೂ ರಕ್ಷಣೆ ಆತ್ಮಕ್ಕೆ ಮಾತ್ರವೆಂದೂ ಹೇಳುತ್ತಿದ್ದ ಜ್ಞಾನವಾದಿಗಳನ್ನು ಎದುರಿಸಿ, ಇದೇ ಮಾಂಸ ಏಳುತ್ತದೆಂದು ಪಟ್ಟುಹಿಡಿದು ವಾದಿಸಿದ. ದೈವಶಾಸ್ತ್ರದ ವಿದ್ಯಾರ್ಥಿಗಳು ಆ ಭಾಗವನ್ನು ತರ್ಕವಾಗಿ ಓದುತ್ತಾರೆ. ತನ್ನವರ ಬೂದಿ ಹರಿದುಹೋದ ನದಿಯ ದಡದ ಊರಿನಲ್ಲಿ ಕುಳಿತು ಅವನು ಅದನ್ನು ಬರೆದನೆಂಬುದನ್ನು ಮರೆಯದೆ ಓದಬೇಕು.

ಬೂದಿಯಾದವರು ಏಳುವುದಿಲ್ಲವೆಂದು ಐರೀನಿಯಸ್ ಆಗಲಿ ಅವನ ಜನರಾಗಲಿ ನಂಬಲಿಲ್ಲ. ಹೂಳುವುದು ನಿತ್ಯಜೀವಕ್ಕೆ ಷರತ್ತೆಂದು ಅವರು ಯಾವತ್ತೂ ಹೇಳಲಿಲ್ಲ. ಮಿನೂಸಿಯಸ್ ಫೆಲಿಕ್ಸ್ ಬರೆದ ‘ಒಕ್ಟೇವಿಯಸ್’ ಸಂವಾದದಲ್ಲಿ ಅನ್ಯಮತದ ವಾದಿಯೊಬ್ಬ, ಚಿತೆಗೆ ಹೆದರುವ ಕ್ರೈಸ್ತರನ್ನು ಗೇಲಿ ಮಾಡುತ್ತಾನೆ. ಅದಕ್ಕೆ ಬರುವ ಉತ್ತರ ನೇರವಾಗಿದೆ: ಯಾವ ಬಗೆಯ ಸಂಸ್ಕಾರದಿಂದಲೂ ನಮಗೆ ನಷ್ಟದ ಭಯವಿಲ್ಲ, ಹಳೆಯದೂ ಉತ್ತಮವೂ ಆದ ಪದ್ಧತಿಯೆಂದು ಮಣ್ಣಿಗಿಡುತ್ತೇವೆ, ಅಷ್ಟೇ. ಎರಡನೆಯ ಶತಮಾನದ ನಡುವೆ ಸ್ಮುರ್ನದ ಬಿಷಪ್ ಪಾಲಿಕಾರ್ಪನ ದೇಹವನ್ನು ಸುಟ್ಟಾಗ ಅಲ್ಲಿನ ಜನ ಮೂಳೆಗಳನ್ನು ರತ್ನಕ್ಕಿಂತ ಮಿಗಿಲೆಂದು ಆಯ್ದು ತಂದು, ಅವನ ಸಾವಿನ ದಿನವನ್ನು ಹುಟ್ಟುಹಬ್ಬವಾಗಿ ಆಚರಿಸುವ ನಿಶ್ಚಯ ಮಾಡಿದರು. ಹೂಳುವುದು ಅವರಿಗೆ ದೇವರ ಕೈಗೆ ಬೇಕಾದ ಸಲಕರಣೆಯಾಗಿರಲಿಲ್ಲ, ತಮ್ಮ ನಿರೀಕ್ಷೆಗೆ ಕೊಟ್ಟ ಸಾಕ್ಷಿಯಾಗಿತ್ತು. ಏಳಬೇಕಾದ ಮೈಯನ್ನು ಕಸದಂತೆ ಕಾಣಲು ಅವರಿಗೆ ಮನಸ್ಸು ಬಾರದು. ಈ ವ್ಯತ್ಯಾಸ ಇಡೀ ಚರಿತ್ರೆಗೆ ಕೀಲಿಕೈ ಎಂದು ನನ್ನ ಅಭಿಪ್ರಾಯ. ಇದನ್ನು ಕೈಬಿಟ್ಟವರು ಒಂದೋ ಪದ್ಧತಿಯನ್ನು ಮೂಢನಂಬಿಕೆ ಎನ್ನುತ್ತಾರೆ, ಇಲ್ಲವೇ ಅದನ್ನೇ ಸಿದ್ಧಾಂತ ಮಾಡಿಬಿಡುತ್ತಾರೆ.

ಆ ಸಾಕ್ಷಿಗೆ ದುಡ್ಡೂ ಬೇಕಿತ್ತು, ಧೈರ್ಯವೂ ಬೇಕಿತ್ತು. ಟೆರ್ಟುಲಿಯನ್ ತನ್ನ ‘ಸಮರ್ಥನೆ’ಯ 39ನೆಯ ಅಧ್ಯಾಯದಲ್ಲಿ ಕ್ರೈಸ್ತರ ಸಾಮಾನ್ಯ ನಿಧಿ ಯಾವುದಕ್ಕೆ ಖರ್ಚಾಗುತ್ತದೆಂದು ವಿವರಿಸುವಾಗ ಬಡವರ ಊಟದ ಜೊತೆಯಲ್ಲೇ ಬಡವರ ಹೂಳುವಿಕೆಯನ್ನು ಹೇಳಿದ. ಅರಿಸ್ಟೈಡಿಸ್ ಎಂಬ ಇನ್ನೊಬ್ಬ ಲೇಖಕನೂ ಅದನ್ನೇ ಬರೆದ. ಮೂರನೆಯ ಶತಮಾನದ ನಡುವೆ ಬಂದ ದೊಡ್ಡ ಪಿಡುಗಿನಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತರು ಸತ್ತವರ ಕಣ್ಣು ಮುಚ್ಚಿ, ಮೈ ತೊಳೆದು, ಹೊತ್ತು ಸಾಗಿಸಿ, ಹಾಗೆ ಮಾಡುತ್ತಲೇ ತಾವೂ ಸತ್ತರೆಂದು ಅಲ್ಲಿನ ಬಿಷಪ್ ಡಯನೀಷಿಯಸ್ ಬರೆದಿದ್ದಾನೆ. ತಮ್ಮವರನ್ನು ಹೊಗಳುವ ಮಾತಿನಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ 362ರ ಹೊತ್ತಿಗೆ ಕ್ರೈಸ್ತ ಧರ್ಮವನ್ನು ಬಿಟ್ಟು ಹಳೆಯ ದೇವರುಗಳನ್ನು ಮತ್ತೆ ನಿಲ್ಲಿಸಲು ಹೊರಟ ಚಕ್ರವರ್ತಿ ಜೂಲಿಯನ್ ಗಲಾತ್ಯದ ಮಹಾಪುರೋಹಿತ ಅರ್ಸೇಸಿಯಸನಿಗೆ ಬರೆದ ಪತ್ರದಲ್ಲಿ, ಈ ಮತ ಹರಡಲು ಕಾರಣವಾದವುಗಳಲ್ಲಿ ಅಪರಿಚಿತರಿಗೆ ತೋರುವ ಕರುಣೆಯೊಡನೆ ಸತ್ತವರ ಸಮಾಧಿಗಳ ಬಗೆಗಿನ ಕಾಳಜಿಯನ್ನೂ ಸೇರಿಸಿದ. ಹೊಗಳಲು ಅವನಿಗೆ ಯಾವ ಕಾರಣವೂ ಇರಲಿಲ್ಲ. ಇಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಅವರ ನಿತ್ಯಜೀವ ಒಬ್ಬೊಬ್ಬನ ಖಾಸಗಿ ಗತಿಯಾಗಿರಲಿಲ್ಲ. ಏಳುವ ದಿನ ಎಲ್ಲರಿಗೂ ಒಂದೇ ಆದ್ದರಿಂದ ಕಾಯುವ ಜಾಗವೂ ಒಟ್ಟಾಗಿಯೇ ಇರಬೇಕೆಂದು ಅವರಿಗೆ ಅನ್ನಿಸಿತು. ಮನೆತನದ ಗೋರಿಯ ಬದಲು ಸಭೆಯ ಸ್ಮಶಾನ ಬೆಳೆದದ್ದು ಹಾಗೆ.

ಬೈಬಲನ್ನು ಬಲ್ಲವರು ಇನ್ನೊಂದು ಪ್ರಶ್ನೆ ಎತ್ತುತ್ತಾರೆ. ಶಿಲುಬೆಯ ಮೇಲಿನ ಕಳ್ಳನಿಗೆ ಯೇಸು ಪರದೈಸಿನ ಮಾತು ಕೊಟ್ಟದ್ದು ಆ ದಿನಕ್ಕೇ. ಪೌಲ ಫಿಲಿಪ್ಪಿಯವರಿಗೆ ಬರೆಯುವಾಗ ಹೊರಟುಹೋಗಿ ಕ್ರಿಸ್ತನೊಡನೆ ಇರುವ ಆಸೆ ಹೇಳಿಕೊಂಡಿದ್ದಾನೆ. ಯೋಹಾನನ ಸುವಾರ್ತೆಯಲ್ಲಂತೂ ನಂಬುವವನಿಗೆ ನಿತ್ಯಜೀವ ಈಗಲೇ ಬಂದಿದೆ, ಅದು ದೇವರನ್ನು ಅರಿಯುವುದೇ ಆಗಿದೆ. ಹಾಗಾದರೆ ಮೈ ಏಳುವುದನ್ನೇ ಮುಖ್ಯವೆನ್ನುವುದು ಒತ್ತಾಯವಲ್ಲವೇ? ಈ ವಚನಗಳನ್ನು ತಳ್ಳಿಹಾಕುವ ಅಗತ್ಯ ನನಗೆ ಕಾಣುವುದಿಲ್ಲ. ನಿತ್ಯಜೀವ ಈಗಲೇ ಶುರುವಾಗುತ್ತದೆ, ಸಾವು ಅದನ್ನು ಕಡಿಯಲಾರದು, ಸತ್ತವರು ಕ್ರಿಸ್ತನ ಬಳಿ ಇದ್ದಾರೆ ಎಂಬುದು ಆದಿ ಕ್ರೈಸ್ತರಿಗೂ ಗೊತ್ತಿತ್ತು. ಗೋರಿಗಳ ಮೇಲೆ ಅವರು ಕೆತ್ತಿಸಿದ ಶಾಂತಿಯ ಮಾತು ಅದನ್ನೇ ಸೂಚಿಸುತ್ತದೆ. ಆದರೆ ಶುರುವಾದದ್ದು ಅಲ್ಲಿಗೇ ಮುಗಿಯಿತೆಂದು ಅವರು ತಿಳಿಯಲಿಲ್ಲ. ಯೋಹಾನನ 6ನೆಯ ಅಧ್ಯಾಯವೊಂದರಲ್ಲೇ ನಿತ್ಯಜೀವದ ಮಾತಿನೊಂದಿಗೆ ಕೊನೆಯ ದಿನ ಎಬ್ಬಿಸುವ ವಾಗ್ದಾನ ನಾಲ್ಕು ಸಲ ಬರುತ್ತದೆ. ಫಿಲಿಪ್ಪಿಯ ಪತ್ರವೂ ಎರಡು ಅಧ್ಯಾಯ ದಾಟುವುದರೊಳಗೆ ದೀನವಾದ ಈ ದೇಹ ಮಹಿಮೆಯ ದೇಹವಾಗಿ ಬದಲಾಗುವುದನ್ನು ಹೇಳುತ್ತದೆ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗೆ ಸಲ್ಲುವ ವಿಶ್ವಾಸಪ್ರಮಾಣ ಕೊನೆಯಾಗುವುದು ಸತ್ತವರ ಪುನರುತ್ಥಾನ ಮತ್ತು ಬರಲಿರುವ ಲೋಕದ ಜೀವದ ನಿರೀಕ್ಷೆಯಲ್ಲಿ. ಆತ್ಮ ಸ್ವರ್ಗಕ್ಕೆ ಹೋಗುವ ಮಾತು ಅದರಲ್ಲಿಲ್ಲ.

ನನ್ನ ವಾದಕ್ಕೆ ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಒಡ್ಡುವವಳು ಮೋನಿಕಾ, ಅಗಸ್ಟಿನನ ತಾಯಿ. ಉತ್ತರ ಆಫ್ರಿಕದ ಈ ಹೆಂಗಸು ಹಳೆಯ ಪದ್ಧತಿಗಳಲ್ಲಿ ಬೇರೂರಿದವಳು. ಮಿಲಾನಿನಲ್ಲಿ ಹುತಾತ್ಮರ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸ ಒಯ್ಯಲು ಹೋಗಿ, ಬಿಷಪ್ ಆಂಬ್ರೋಸ್ ಅದನ್ನು ನಿಷೇಧಿಸಿದ್ದಾನೆಂದು ತಿಳಿದು ಸುಮ್ಮನೆ ಬಿಟ್ಟಳು. ಗಂಡ ಪಟ್ರೀಸಿಯಸನ ಪಕ್ಕದಲ್ಲಿ ತನಗೂ ಸಮಾಧಿಯ ಜಾಗ ಸಿದ್ಧಮಾಡಿಸಿಕೊಂಡಿದ್ದಳು. ಆದರೆ 387ರಲ್ಲಿ, ಊರಿಗೆ ಹಡಗು ಹತ್ತಬೇಕಿದ್ದ ಒಸ್ಟಿಯ ಬಂದರಿನಲ್ಲಿ, 56ನೆಯ ವಯಸ್ಸಿನಲ್ಲಿ ಜ್ವರ ಬಿದ್ದಾಗ ಮಕ್ಕಳಿಗೆ ಹೇಳಿದ್ದು ಬೇರೆ: ಈ ದೇಹವನ್ನು ಎಲ್ಲಾದರೂ ಇಡಿ, ಅದರ ಚಿಂತೆ ಬೇಡ, ಪ್ರಭುವಿನ ಬಲಿಪೀಠದ ಮುಂದೆ ನನ್ನನ್ನು ನೆನೆಯಿರಿ, ಸಾಕು. ಮೇಲ್ನೋಟಕ್ಕೆ ಇದು ಸಾಕ್ರಟೀಸನ ಮಾತೇ. ಹೀಗಾದರೆ ಮೈಗೆ ಬೆಲೆಯೆಲ್ಲಿ ಉಳಿಯಿತು? ಉತ್ತರವನ್ನು ಅಗಸ್ಟಿನನೇ ‘ನಿವೇದನೆಗಳು’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಕೊಡುತ್ತಾನೆ. ಸ್ವಂತ ಊರಿನಿಂದ ಇಷ್ಟು ದೂರದಲ್ಲಿ ದೇಹ ಬಿಡಲು ಭಯವಿಲ್ಲವೇ ಎಂದು ಕೇಳಿದವರಿಗೆ ಅವಳು, ದೇವರಿಗೆ ಯಾವುದೂ ದೂರವಲ್ಲ, ಲೋಕದ ಕೊನೆಯಲ್ಲಿ ನನ್ನನ್ನು ಎಲ್ಲಿಂದ ಎಬ್ಬಿಸಬೇಕೆಂಬುದು ಆತನಿಗೆ ತಿಳಿಯದೆ ಹೋಗುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟಿದ್ದಳು. ಇಬ್ಬರೂ ಎಲ್ಲಿ ಬೇಕಾದರೂ ಹೂಳಿ ಎಂದರು. ಸಾಕ್ರಟೀಸ್ ಹಾಗೆಂದದ್ದು ಹೆಣ ತಾನಲ್ಲವೆಂಬ ಕಾರಣಕ್ಕೆ. ಮೋನಿಕಾ ಹಾಗೆಂದದ್ದು ಆ ದೇಹವನ್ನು ದೇವರು ಮರೆಯಲಾರನೆಂಬ ಕಾರಣಕ್ಕೆ. ಅವಳು ಚಿಂತೆ ಬಿಟ್ಟದ್ದು ಮೈ ಮುಖ್ಯವಲ್ಲವೆಂದಲ್ಲ, ಅದು ತನಗಿಂತ ಹೆಚ್ಚು ಭದ್ರವಾದ ಕೈಯಲ್ಲಿದೆ ಎಂದು. ಅವಳ ಸಮಾಧಿಯ ಬರಹದ ಒಂದು ತುಂಡು 1945ರಲ್ಲಿ ಒಸ್ಟಿಯದ ಸಂತ ಔರೆಯಾ ಚರ್ಚಿನ ಬಳಿ ನೆಲ ಅಗೆಯುತ್ತಿದ್ದ ಹುಡುಗರಿಗೆ ಸಿಕ್ಕಿತು.

ಸುಮಾರು 421ರಲ್ಲಿ ನೋಲದ ಬಿಷಪ್ ಪಾವ್ಲಿನಸ್ ಅಗಸ್ಟಿನನಿಗೆ ಒಂದು ಪ್ರಶ್ನೆ ಕಳಿಸಿದ. ಸಂತರ ಸಮಾಧಿಯ ಬಳಿ ಹೂಳಿದರೆ ಸತ್ತವರಿಗೆ ಲಾಭವುಂಟೇ? ಆಗ ಮುದುಕನಾಗಿದ್ದ ಅಗಸ್ಟಿನ್ ಕೊಟ್ಟ ಉತ್ತರ ಒಂದು ಕಿರುಪುಸ್ತಕವೇ ಆಯಿತು. ಸಂಸ್ಕಾರದ ಸಡಗರ ಬದುಕಿರುವವರಿಗೆ ಸಮಾಧಾನ, ಸತ್ತವರಿಗೆ ಅದರಿಂದ ನೆರವಿಲ್ಲ ಎಂದ. ಆದರೂ ದೇಹವನ್ನು ಎಸೆಯಬಾರದು ಎಂದ. ಅಪ್ಪನ ಬಟ್ಟೆ, ಉಂಗುರವೇ ಮಕ್ಕಳಿಗೆ ಪ್ರಿಯವಾಗುವುದಾದರೆ ನಾವು ಬಟ್ಟೆಗಿಂತ ಹತ್ತಿರವಾಗಿ ತೊಟ್ಟ ದೇಹವನ್ನು ತುಚ್ಛವೆನ್ನಲಾದೀತೇ ಎಂಬುದು ಅವನ ತರ್ಕ. ಅಷ್ಟರಲ್ಲಿ ಜನ ಅವನ ತರ್ಕವನ್ನು ದಾಟಿ ಬಹಳ ಮುಂದೆ ಹೋಗಿದ್ದರು. ಹುತಾತ್ಮರ ಮೂಳೆಗಳು ಬಲಿಪೀಠದಡಿ ಬಂದವು, ಆ ಮೂಳೆಗಳ ಸುತ್ತ ಹೂಳಿಸಿಕೊಳ್ಳುವ ಆಸೆ ಬೆಳೆಯಿತು, ಬದುಕಿದವರ ಊರಿಗೂ ಸತ್ತವರ ಊರಿಗೂ ನಡುವೆ ಹನ್ನೆರಡು ಫಲಕಗಳ ಕಾಲದಿಂದ ಇದ್ದ ಗೆರೆ ಅಳಿಸಿಹೋಯಿತು. ಲೋಕವನ್ನೆಲ್ಲ ಗೋರಿಗಳಿಂದ ತುಂಬಿಸಿದಿರೆಂದು ಜೂಲಿಯನ್ ಹೇಸಿಗೆಯಿಂದ ಬರೆದದ್ದು ಈ ಬದಲಾವಣೆಯನ್ನು ಕಂಡೇ. ಮೈಲಿಗೆಯೆಂದು ಊರಾಚೆ ಇಟ್ಟದ್ದನ್ನು ಪೂಜೆಯ ನಡುವಿಗೆ ತಂದದ್ದು ಮೆಡಿಟರೇನಿಯನ್ ನಾಗರಿಕತೆಯಲ್ಲಿ ಆದ ಅತ್ಯಂತ ಆಳವಾದ ಪಲ್ಲಟಗಳಲ್ಲಿ ಒಂದು, ಅದರ ಬುಡದಲ್ಲಿ ಇದ್ದದ್ದು ಮೈ ಏಳುತ್ತದೆಂಬ ನಂಬಿಕೆ.

ಹಾಗಿದ್ದರೆ ಆತ್ಮದ ಕಡೆಗೆ ತೂಕ ಸರಿದದ್ದು ಯಾವಾಗ? ಒಂದೇ ಸಲಕ್ಕೆ ಅಲ್ಲ. ಕೊನೆಯ ದಿನ ಹತ್ತಿರದಲ್ಲೇ ಇದೆ ಎಂದುಕೊಂಡವರಿಗೆ ನಡುವಿನ ಕಾಲದ ಚಿಂತೆ ದೊಡ್ಡದಾಗಿರಲಿಲ್ಲ. ಶತಮಾನಗಳು ಕಳೆದಂತೆ ಸತ್ತವರು ಈಗ, ಈ ಹೊತ್ತು ಹೇಗಿದ್ದಾರೆ ಎಂಬ ಪ್ರಶ್ನೆಯೇ ದೊಡ್ಡದಾಯಿತು. ಹನ್ನೊಂದನೆಯ ಶತಮಾನದ ಹೊತ್ತಿಗೆ ಕ್ಲೂನಿ ಮಠದ ಅಧಿಪತಿ ಓದಿಲೊ ನವೆಂಬರ್ 2ನ್ನು ಸಕಲ ಮೃತರ ಸ್ಮರಣೆಯ ದಿನವಾಗಿ ತನ್ನ ಮಠಗಳಲ್ಲಿ ನೆಲೆಗೊಳಿಸಿದ, ಅಲ್ಲಿಂದ ಅದು ಪಶ್ಚಿಮದ ಚರ್ಚಿಗೆಲ್ಲ ಹರಡಿತು. ಸತ್ತವರ ಆತ್ಮಗಳು ಸ್ವರ್ಗ ಸೇರುವ ಮುನ್ನ ಶುದ್ಧಗೊಳ್ಳುವ ಶುದ್ಧೀಕರಣ ಸ್ಥಳದ ಬೋಧನೆಯನ್ನು 1274ರ ಎರಡನೆಯ ಲಿಯೋನ್ ಮಹಾಸಭೆ ಅಂಗೀಕರಿಸಿತು. ಸತ್ತವರಿಗಾಗಿ ಬಲಿಪೂಜೆ, ದಾನ, ದತ್ತಿಗಳು ಬೆಳೆದವು. 1331ರಲ್ಲಿ ಪೋಪ್ ಇಪ್ಪತ್ತೆರಡನೆಯ ಯೋಹಾನ, ಸಂತರೂ ಪುನರುತ್ಥಾನದವರೆಗೆ ದೇವರ ಪೂರ್ಣ ದರ್ಶನಕ್ಕೆ ಕಾಯಬೇಕೆಂದು ಪ್ರಸಂಗ ಮಾಡಿದಾಗ ದೊಡ್ಡ ಗದ್ದಲವೆದ್ದಿತು. ಸಾಯುವ ಮುನ್ನ ಅವನು ಆ ಮಾತನ್ನು ಹಿಂತೆಗೆದುಕೊಂಡ. ಅವನ ಉತ್ತರಾಧಿಕಾರಿ ಹನ್ನೆರಡನೆಯ ಬೆನೆಡಿಕ್ಟ್ 1336ರಲ್ಲಿ, ಶುದ್ಧವಾದ ಆತ್ಮಗಳು ಪುನರುತ್ಥಾನಕ್ಕೆ ಮುಂಚೆಯೇ ದೇವರನ್ನು ಮುಖಾಮುಖಿ ಕಾಣುತ್ತವೆಂದು ನಿರ್ಣಯ ಕೊಟ್ಟ. ಮೈಯ ಪುನರುತ್ಥಾನವನ್ನು ಅವನು ಕೈಬಿಡಲಿಲ್ಲ, ಅದೂ ಅದೇ ನಿರ್ಣಯದಲ್ಲಿದೆ. ಆದರೆ ಆನಂದವೆಲ್ಲ ಆತ್ಮಕ್ಕೆ ಮೊದಲೇ ಸಿಕ್ಕಮೇಲೆ ಮೈ ಎದ್ದು ಸೇರಿಸುವುದೇನು ಎಂಬುದು ಸಾಮಾನ್ಯ ಭಕ್ತನ ಮನಸ್ಸಿನಲ್ಲಿ ಮಸುಕಾಗಿರಬೇಕು. ಚರ್ಚಿನ ಅಂಗಳದಲ್ಲಿ ಪಾದಗಳನ್ನು ಪೂರ್ವಕ್ಕೆ ಮಾಡಿ ಹೂಳುವುದು ಮಾತ್ರ ನಿಲ್ಲಲಿಲ್ಲ. ಎದ್ದಾಗ ಮುಖ ಮೂಡಣಕ್ಕೆ, ಕ್ರಿಸ್ತ ಬರುವ ದಿಕ್ಕಿಗೆ ಇರಲೆಂದು. ಬಾಯಿ ಒಂದನ್ನು ಹೇಳುತ್ತಿದ್ದಾಗಲೂ ಕೈ ಹಳೆಯದನ್ನೇ ಮಾಡುತ್ತಿತ್ತು.

ಪದ್ಧತಿ ಕಾನೂನಾದಾಗ ಅದು ಕ್ರೂರವೂ ಆಯಿತು, ಇದನ್ನು ಮುಚ್ಚಿಡಬಾರದು. ಸ್ಯಾಕ್ಸನರನ್ನು ಗೆದ್ದ ಶಾರ್ಲಮೇನ್ 780ರ ದಶಕದಲ್ಲಿ, ಹಳೆಯ ರೂಢಿಯಂತೆ ಹೆಣ ಸುಡುವವರಿಗೆ ಮರಣದಂಡನೆ ವಿಧಿಸಿದ. ‘ಒಕ್ಟೇವಿಯಸ್’ ಸಂವಾದದ ಉತ್ತರ ಅಷ್ಟು ಹೊತ್ತಿಗೆ ಮರೆತುಹೋಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಸುಡುವ ಪ್ರಶ್ನೆ ಯುರೋಪಿಗೆ ಮರಳಿತು, 1876ರಲ್ಲಿ ಮಿಲಾನಿನಲ್ಲಿ ಆಧುನಿಕ ಚಿತಾಗಾರ ತೆರೆಯಿತು. ಅದನ್ನು ಬೆಂಬಲಿಸಿದವರಲ್ಲಿ ಆರೋಗ್ಯದ ಕಾರಣ ಕೊಟ್ಟವರೂ ಇದ್ದರು, ಚರ್ಚಿನ ಪುನರುತ್ಥಾನದ ಬೋಧನೆಯನ್ನು ಧಿಕ್ಕರಿಸಲೆಂದೇ ಬಂದವರೂ ಇದ್ದರು. 1886ರಲ್ಲಿ ರೋಮ್ ತನ್ನವರಿಗೆ ದಹನವನ್ನು ನಿಷೇಧಿಸಿತು. 1963ರಲ್ಲಿ, ನಂಬಿಕೆಯ ನಿರಾಕರಣೆ ಕಾರಣವಲ್ಲದಿದ್ದರೆ ಅಡ್ಡಿಯಿಲ್ಲವೆಂದು ಸಡಿಲಿಸಿತು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಇಂದಿಗೂ ಒಪ್ಪಿಲ್ಲ. ಪ್ರೊಟೆಸ್ಟಂಟರು ಬಹುಮಟ್ಟಿಗೆ ಮೊದಲೇ ಒಪ್ಪಿದ್ದರು, ಆದರೆ 1955ರಲ್ಲಿ ಹಾರ್ವರ್ಡಿನಲ್ಲಿ ಉಪನ್ಯಾಸ ಕೊಟ್ಟ ಪ್ರೊಟೆಸ್ಟಂಟ್ ವಿದ್ವಾಂಸ ಆಸ್ಕರ್ ಕುಲ್‌ಮನ್, ಹೊಸ ಒಡಂಬಡಿಕೆಯ ನಿರೀಕ್ಷೆ ಪುನರುತ್ಥಾನವೇ ಹೊರತು ಗ್ರೀಕರ ಆತ್ಮದ ಅಮರತ್ವವಲ್ಲ ಎಂದಾಗ ಅನೇಕ ಕ್ರೈಸ್ತರೇ ಕೋಪಗೊಂಡರು. ಕುಲ್‌ಮನ್ ಎರಡರ ನಡುವಿನ ಕಂದರವನ್ನು ಅತಿಯಾಗಿ ಆಳ ಮಾಡಿದನೆಂದು ನನಗೆ ತೋರುತ್ತದೆ. ಮಕ್ಕಬಿಯರ ಕಾಲದ ನಂತರದ ಯೆಹೂದ್ಯ ಬರಹಗಳಲ್ಲೇ ಎರಡೂ ಬೆರೆತಿವೆ. ಆದರೆ ಯಾವುದು ಮೊದಲು, ಯಾವುದರ ಮೇಲೆ ಭಾರ ಎಂಬುದರಲ್ಲಿ ಅವನ ಓದು ಸರಿ, ರೋಮಿನ ಗೋಡೆಗಳು ಅವನ ಪರವಾಗಿವೆ.

2016ರಲ್ಲಿ ವ್ಯಾಟಿಕನ್ ಹೊರಡಿಸಿದ ಸೂಚನೆಯೊಂದು ಸುಟ್ಟವರ ಬೂದಿಯನ್ನು ಗಾಳಿಗೋ ನೀರಿಗೋ ಚೆಲ್ಲಬಾರದು, ಮನೆಯವರಲ್ಲಿ ಹಂಚಬಾರದು, ಸ್ಮಶಾನ ಅಥವಾ ಚರ್ಚಿಗೆ ಸೇರಿದ ಜಾಗದಲ್ಲಿ ಇಡಬೇಕು ಎಂದಿತು. ಹಲವರಿಗೆ ಇದು ಅಸಂಗತವಾಗಿ ಕಂಡಿತು: ಬೂದಿಯಿಂದ ದೇವರು ಎಬ್ಬಿಸಬಲ್ಲನಾದರೆ ನದಿಯಿಂದ ಎಬ್ಬಿಸಲಾರನೇ? ಎಬ್ಬಿಸಬಲ್ಲ, ಲಿಯೋನಿನವರ ನಂಬಿಕೆಯೂ ಅದೇ ಆಗಿತ್ತು. ಆದರೆ ಅವರು ತಮ್ಮವರನ್ನು ತಾವೇ ನದಿಗೆ ಹಾಕಿದ್ದಲ್ಲ, ಹಾಕಿದವರು ವೈರಿಗಳು. ಹೆಸರಿರುವ ಒಂದು ಜಾಗದಲ್ಲಿ, ಸಭೆಯ ಉಳಿದ ಸತ್ತವರ ಜೊತೆಗೆ, ಹುಡುಕಿದರೆ ಸಿಗುವಂತೆ ಇಡುವುದು ದೇವರ ಅನುಕೂಲಕ್ಕಲ್ಲ. ನವೆಂಬರ್ 2ರಂದು ಮಂಗಳೂರು, ಬೆಂಗಳೂರಿನ ಕಥೋಲಿಕ ಸ್ಮಶಾನಗಳಲ್ಲಿ ಗೋರಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುವವರು, ಗುರುಗಳು ತೀರ್ಥ ಚಿಮುಕಿಸುತ್ತ ಸಾಲುಸಾಲಾಗಿ ಬರುವುದನ್ನು ಕಾಯುವವರು, ತಮ್ಮವರ ಆತ್ಮಗಳಿಗಾಗಿ ಪ್ರಾರ್ಥಿಸುತ್ತಿದ್ದೇವೆ ಎನ್ನುತ್ತಾರೆ. ಆತ್ಮಕ್ಕಾಗಿ ಮಾತ್ರವಾದರೆ ಮನೆಯಲ್ಲೇ ಕುಳಿತು ಪ್ರಾರ್ಥಿಸಬಹುದಿತ್ತು, ಚರ್ಚಿನಲ್ಲಿ ಬಲಿಪೂಜೆ ಕೊಡಿಸಿದರೆ ಸಾಕಿತ್ತು. ಅವರು ಗೋರಿಯ ಬಳಿಗೇ ಹೋಗುತ್ತಾರೆ. ಕ್ಲೂನಿಯ ಓದಿಲೊ ಕೊಟ್ಟ ದಿನದಲ್ಲಿ ಅವರು ಮಾಡುತ್ತಿರುವುದು ಕಲಿಸ್ಟಸನ ಕಾಲದ ಕೆಲಸ.